ಡಿಜಿಟಲ್‌ಗೆ ಬದಲಾಗುವ ಮಾದರಿ ರೈಲು: ಪಾಯಿಂಟುಗಳಿಗೆ ತಂತಿ ಜೋಡಿಸುವ ಬಗೆ

ಹಳೆಯ ಡಿಸಿ (ನೇರ ವಿದ್ಯುತ್) ಕಂಟ್ರೋಲರಿನ ಎರಡು ತಂತಿ ಕಳಚಿ, ಅದೇ ಜಾಗಕ್ಕೆ ಡಿಸಿಸಿ (ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ಪದ್ಧತಿ) ಪೆಟ್ಟಿಗೆಯ ಎರಡು ತಂತಿ ಸಿಕ್ಕಿಸಿದರೆ ಲೇಔಟ್, ಅಂದರೆ ಹಲಗೆಯ ಮೇಲೆ ಹಾಸಿದ ಇಡೀ ಮಾದರಿ ರೈಲುದಾರಿ, ಡಿಜಿಟಲ್ ಆಯಿತು ಎಂದು ನಾನೂ ನಂಬಿದ್ದೆ. ಮೊದಲ ಎಂಜಿನ್ ಹೊರಟಿತು, ನೇರ ದಾರಿಯಲ್ಲಿ ಸೊಗಸಾಗಿ ಓಡಿತು. ಮೂರನೆಯ ಪಾಯಿಂಟಿನ (ಒಂದು ಹಳಿದಾರಿ ಎರಡಾಗಿ ಕವಲೊಡೆಯುವ ಜೋಡಣೆಯ) ಮೇಲೆ ಹತ್ತಿದ್ದೇ ತಡ, ಎಲ್ಲವೂ ಸ್ತಬ್ಧ. ಆ ಎಂಜಿನ್ ಮಾತ್ರವಲ್ಲ, ಇನ್ನೊಂದು ತುದಿಯ ನಿಲ್ದಾಣದಲ್ಲಿ ದೀಪ ಉರಿಸಿಕೊಂಡು ಸುಮ್ಮನೆ ನಿಂತಿದ್ದ ಎಂಜಿನ್ನಿಗೂ ಕತ್ತಲು ಕವಿಯಿತು. ತುಸು ಹೊತ್ತಿಗೆ ಜೀವ ಬಂತು, ಬಂದಷ್ಟೇ ಬೇಗ ಹೋಯಿತು. ವರ್ಷಗಟ್ಟಲೆ ತಕರಾರಿಲ್ಲದೆ ದುಡಿದಿದ್ದ ಪಾಯಿಂಟ್ ಅದು. ಅದರಲ್ಲಿ ಹೊಸದಾಗಿ ಏನೂ ಕೆಟ್ಟಿರಲಿಲ್ಲ. ಅದರ ಹಳೆಯ ತಪ್ಪನ್ನು ಕಂಡುಹಿಡಿಯುವ ಯಂತ್ರ ಈಗ ಬಂದಿತ್ತು, ಅಷ್ಟೆ.

ಡಿಸಿ ಕಂಟ್ರೋಲರ್ ಸಾಮಾನ್ಯವಾಗಿ ಒಂದು ಆಂಪಿಯರ್ ಆಸುಪಾಸಿನದು. ಚಕ್ರವೊಂದು ಕ್ಷಣಮಾತ್ರ ಎರಡು ಹಳಿಗಳನ್ನು ಮುಟ್ಟಿಸಿದರೆ ಎಂಜಿನ್ ಒಮ್ಮೆ ಮುಗ್ಗರಿಸಿ ತನ್ನ ಓಘದಲ್ಲೇ ದಾಟಿಬಿಡುತ್ತದೆ. ನಾವು ಅದನ್ನು ಕೊಳೆ ಎಂದುಕೊಂಡು ಹಳಿ ಉಜ್ಜುತ್ತೇವೆ. ಹಳಿಗೆ ವಿದ್ಯುತ್ ಪೂರೈಸುವ ಡಿಸಿಸಿ ಬೂಸ್ಟರ್ 3ರಿಂದ 5 ಆಂಪಿಯರ್ ಕೊಡಬಲ್ಲದು. ಅಷ್ಟು ಕರೆಂಟ್ ತಪ್ಪು ಜಾಗದಲ್ಲಿ ಹರಿದರೆ ಬೋಗಿಯ ಪ್ಲಾಸ್ಟಿಕ್ ಕರಗುತ್ತದೆ. ಆದ್ದರಿಂದ ಬೂಸ್ಟರ್ ಕೆಲವೇ ಮಿಲಿಸೆಕೆಂಡುಗಳಲ್ಲಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ, ಜೊತೆಗೆ ಅದು ಪೂರೈಸುವ ಎಲ್ಲ ಹಳಿಗಳೂ ಸಾಯುತ್ತವೆ.

ಡಿಸಿಸಿಯಲ್ಲಿ ಧನ, ಋಣ ಎಂಬುದು ಸ್ಥಿರವಾಗಿಲ್ಲವಲ್ಲ, ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತದಲ್ಲ, ಹಾಗಾದರೆ ಎರಡು ಹಳಿ ತಾಗಿದರೆ ಶಾರ್ಟ್ ಸರ್ಕ್ಯೂಟ್ ಹೇಗೆ ಎಂದು ಕೇಳುವವರಿದ್ದಾರೆ. ಅದಲುಬದಲಾಗುವುದು ನಿಜ. ಆದರೆ ಯಾವ ಕ್ಷಣ ನೋಡಿದರೂ ಒಂದು ಹಳಿ ಇನ್ನೊಂದಕ್ಕೆ ವಿರುದ್ಧವಾಗಿಯೇ ಇರುತ್ತದೆ. ಗೊಂದಲ ಬೇಡವೆಂದು ಈ ಬರಹದುದ್ದಕ್ಕೂ ಎಡಹಳಿಯನ್ನು ಕೆಂಪು, ಬಲಹಳಿಯನ್ನು ಕಪ್ಪು ಎಂದು ಕರೆಯುತ್ತೇನೆ. ನೀವೂ ಅದೇ ಬಣ್ಣದ ತಂತಿ ಬಳಸಿ, ಕೊನೆಯವರೆಗೆ ಬದಲಿಸಬೇಡಿ.

ಮೊದಲು ಪಾಯಿಂಟನ್ನು ಕೈಯಲ್ಲಿ ಹಿಡಿದು ನೋಡಿ

ಎಡಕ್ಕೆ ಕವಲೊಡೆಯುವ ಒಂದು ಪಾಯಿಂಟನ್ನು ಎತ್ತಿಕೊಳ್ಳಿ. ಕವಲು ನಿಮ್ಮಿಂದ ಆಚೆಗಿರಲಿ. ಎರಡು ಅಂಚಿನಲ್ಲೂ ತುಂಡಾಗದೆ ಸಾಗುವ ಹಳಿಗಳು ಹೊರಹಳಿಗಳು. ಅವುಗಳ ನಡುವೆ ಅತ್ತಿತ್ತ ಸರಿಯುವ ಚೂಪು ತುದಿಯ ಜೋಡಿ ನಾಲಗೆ ಹಳಿಗಳು. ನಾಲಗೆಗಳ ಹಿಂದಿನ ಒಳಹಳಿಗಳು ಸಾಗಿ ಒಂದನ್ನೊಂದು ದಾಟುವ ಕಡೆ ಇರುವ ಬಾಣದಂಥ ಭಾಗವೇ ಫ್ರಾಗ್. ಕಪ್ಪೆಗೂ ಅದಕ್ಕೂ ಹೋಲಿಕೆ ನನಗಂತೂ ಕಂಡಿಲ್ಲ, ಆದರೆ ಹವ್ಯಾಸಿಗಳೆಲ್ಲರೂ ಬಳಸುವ ಹೆಸರು ಅದೇ.

ತೊಡಕೆಲ್ಲ ಈ ಫ್ರಾಗಿನದು. ನೇರ ದಾರಿಯ ಎಡಹಳಿ ಅದರ ಮೇಲೆ ಹಾಯುತ್ತದೆ, ಕವಲು ದಾರಿಯ ಬಲಹಳಿಯೂ ಅದರ ಮೇಲೆಯೇ ಹಾಯುತ್ತದೆ. ಆದ್ದರಿಂದ ರೈಲು ನೇರ ಹೋಗುವಾಗ ಫ್ರಾಗ್ ಕೆಂಪಾಗಿರಬೇಕು, ಕವಲಿಗೆ ತಿರುಗುವಾಗ ಕಪ್ಪಾಗಿರಬೇಕು. ತಯಾರಕರು ಇದಕ್ಕೆ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಫ್ರಾಗನ್ನು ಪ್ಲಾಸ್ಟಿಕ್ಕಿನಿಂದ ಮಾಡಿದರೆ ಅದಕ್ಕೆ ಬಣ್ಣವೇ ಇಲ್ಲ. ಹಳಿ ತಯಾರಿಸುವ ಪೆಕೊ ಕಂಪನಿ ಇದನ್ನು ಇನ್ಸುಲ್‌ಫ್ರಾಗ್ ಎನ್ನುತ್ತದೆ. ಇಡೀ ಫ್ರಾಗನ್ನು ಲೋಹದಿಂದ ಮಾಡಿ, ಹೊರಹಳಿಗೆ ತಾಗಿದ ನಾಲಗೆಯ ಮೂಲಕವೇ ಅದಕ್ಕೆ ವಿದ್ಯುತ್ ಹರಿಸಿದರೆ ಅದು ಇಲೆಕ್ಟ್ರೊಫ್ರಾಗ್. ಇವೆರಡರ ನಡುವಿನದು ಯೂನಿಫ್ರಾಗ್: ಫ್ರಾಗಿನ ಲೋಹದ ತುದಿ ಎಲ್ಲದರಿಂದ ಬೇರ್ಪಟ್ಟಿರುತ್ತದೆ, ಅದರಿಂದ ಒಂದು ತಂತಿ ಕೆಳಗೆ ಇಳಿದಿರುತ್ತದೆ. ಮೂರು ಹಳಿಯ ಮಾರ್ಕ್ಲಿನ್ ಪದ್ಧತಿಯವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ರೈಲು ಓಡಿಸಲು ಹೋಗಬಹುದು. ಅವರ ಎರಡೂ ಚಕ್ರಹಳಿಗಳು ಒಂದೇ ಬಣ್ಣದವು.

ನಿಮ್ಮ ಪಾಯಿಂಟ್ ಯಾವ ಬಗೆಯದೆಂದು ಡಬ್ಬಿಯ ಮೇಲಿನ ಹೆಸರಿಗಿಂತ ಮಲ್ಟಿಮೀಟರ್ ಚೆನ್ನಾಗಿ ಹೇಳುತ್ತದೆ. ಬೀಪ್ ಸದ್ದು ಮಾಡುವ ಸ್ಥಾನಕ್ಕೆ ಮೀಟರನ್ನು ತಿರುಗಿಸಿ, ಒಂದು ಕಡ್ಡಿಯನ್ನು ಫ್ರಾಗಿನ ಮೇಲಿಟ್ಟು ಇನ್ನೊಂದರಿಂದ ಎರಡು ನಾಲಗೆಗಳನ್ನೂ ಮುಟ್ಟಿ. ಎರಡಕ್ಕೂ ಸದ್ದು ಬಂದರೆ ಅದು ಇಲೆಕ್ಟ್ರೊಫ್ರಾಗ್ ಬಗೆಯದು. ನನ್ನ ಮೂರನೆಯ ಪಾಯಿಂಟ್ ಇದೇ ಜಾತಿಯದಾಗಿತ್ತು.

ಶಾರ್ಟ್ ಹುಟ್ಟುವುದು ಎಲ್ಲಿ

ಇಲೆಕ್ಟ್ರೊಫ್ರಾಗ್ ಪಾಯಿಂಟನ್ನು ನೇರಕ್ಕೆ ತಿರುಗಿಸಿ. ಎಡ ನಾಲಗೆ ಎಡ ಹೊರಹಳಿಗೆ ಅಂಟಿಕೊಳ್ಳುತ್ತದೆ, ಕೆಂಪಾಗುತ್ತದೆ. ಅದರ ಮೂಲಕ ಫ್ರಾಗ್ ಕೆಂಪಾಗುತ್ತದೆ. ಫ್ರಾಗಿನ ಮೂಲಕ ಬಲ ನಾಲಗೆಯೂ ಕೆಂಪಾಗುತ್ತದೆ. ಈ ಬಲ ನಾಲಗೆ ಈಗ ಕಪ್ಪು ಹೊರಹಳಿಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಬಾಯಿ ತೆರೆದುಕೊಂಡು ನಿಂತಿದೆ. ಕಪ್ಪು ಹಳಿಯ ಮೇಲೆ ಉರುಳುವ ಲೋಹದ ಚಕ್ರದ ಬೆನ್ನು ಈ ನಾಲಗೆಗೆ ತುಸು ತಾಗಿದರೂ ಸಾಕು. ಎದುರುಬದುರು ಚಕ್ರಗಳ ಒಳಮೈ ನಡುವಿನ ಅಂತರ ಕಡಿಮೆಯಿದ್ದರೆ ತಾಗಿಯೇ ತಾಗುತ್ತದೆ. 16.5 ಮಿ.ಮೀ. ಅಗಲದ ಹಳಿಯ ಚಕ್ರಗಳಲ್ಲಿ ಈ ಅಂತರ ಸುಮಾರು 14.4ರಿಂದ 14.5 ಮಿ.ಮೀ. ಇರಬೇಕು. ಪಾಯಿಂಟಿನ ಮೇಲೆ ಕೈಮಾಡುವ ಮುನ್ನ ಇದನ್ನು ಅಳೆಯಿರಿ. ಅರ್ಧದಷ್ಟು ತಂಟೆ ಅಲ್ಲಿಗೇ ತೀರುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ದೋಷ ಸದ್ದಿಲ್ಲದ್ದು. ಫ್ರಾಗಿನ ಇಡೀ ವಿದ್ಯುತ್ತು ನಾಲಗೆಯ ತುದಿ ಹೊರಹಳಿಗೆ ಒತ್ತಿಕೊಳ್ಳುವ ಸಾಸಿವೆಯಷ್ಟು ಜಾಗವನ್ನು ನಂಬಿಕೊಂಡಿದೆ. ಧೂಳು, ಎಣ್ಣೆ, ಬಳಿದ ಬಣ್ಣ, ಬೆಳೆದ ತುಕ್ಕು ಯಾವುದಾದರೂ ಅಲ್ಲಿ ಕೂತರೆ ಸಂಪರ್ಕ ತಪ್ಪುತ್ತದೆ. ಡಿಸಿಯಲ್ಲಿ ಪಾಯಿಂಟ್ ದಾರಿಯನ್ನೂ ತೋರಿಸುತ್ತಿತ್ತು, ವಿದ್ಯುತ್ತನ್ನೂ ಹಂಚುತ್ತಿತ್ತು. ಆ ಎರಡನೆಯ ಕೆಲಸವನ್ನು ಅದರ ಕೈಯಿಂದ ಕಿತ್ತುಕೊಳ್ಳಬೇಕು. ಮುಂದಿನ ಎಲ್ಲ ಹಂತಗಳೂ ಇದಕ್ಕಾಗಿಯೇ.

ಮೇಜಿನ ಮೇಲಿನ ಕೆಲಸ

ಈಗಾಗಲೇ ಅಂಟಿಸಿ, ಜಲ್ಲಿ ಸುರಿದು ಕೂರಿಸಿದ ಪಾಯಿಂಟ್ ತಕರಾರಿಲ್ಲದೆ ಓಡುತ್ತಿದ್ದರೆ ಅದನ್ನು ಕೀಳಬೇಡಿ. ಕಾಟ ಕೊಡುವ ದಿನ ನೋಡಿಕೊಂಡರಾಯಿತು. ಹೊಸದಾಗಿ ಕೂರಿಸುವ ಪ್ರತಿಯೊಂದು ಪಾಯಿಂಟನ್ನು ಮಾತ್ರ ಕೂರಿಸುವ ಮೊದಲೇ ಸಿದ್ಧಪಡಿಸಿ. ಮೇಜಿನ ಮೇಲೆ ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ ಹಲಗೆಯ ಕೆಳಗೆ ಮಲಗಿಕೊಂಡು ಮಾಡಿದರೆ ಅರ್ಧ ದಿನ ತಿನ್ನುತ್ತದೆ, ಬಿಸಿ ಸೀಸ ಮುಖಕ್ಕೆ ತೊಟ್ಟಿಕ್ಕುವ ಯೋಗ ಬೇರೆ.

ಇಲೆಕ್ಟ್ರೊಫ್ರಾಗನ್ನು ಬೋರಲು ಹಾಕಿ. ನಾಲಗೆಗಳ ಹಿಂದಿನ ಹಳಿಗೂ ಫ್ರಾಗಿಗೂ ನಡುವೆ, ಪ್ಲಾಸ್ಟಿಕ್ ಸ್ಲೀಪರುಗಳ (ಹಳಿಯ ಅಡಿಯ ಅಡ್ಡ ದಿಮ್ಮಿಗಳ) ಸಂದಿನಲ್ಲಿ, ಎರಡು ಸಣ್ಣ ತಂತಿ ಸೇತುವೆಗಳು ಕಾಣುತ್ತವೆ. ಅವನ್ನು ಕತ್ತರಿಸಿ. ಫ್ರಾಗ್ ಈಗ ದ್ವೀಪವಾಯಿತು. ಕೆಲವು ಹಳೆಯ ಮಾದರಿಗಳಲ್ಲಿ ಸೇತುವೆ ಇರುವುದಿಲ್ಲ, ಹಳಿಯನ್ನೇ ಕೊಯ್ಯಬೇಕು. ತೆಳು ಗರಗಸದಿಂದ ಎರಡೂ ಒಳಹಳಿಗಳನ್ನು ನಾಲಗೆಯ ತಿರುಗುಬಿಂದುವಿಗಿಂತ ಫ್ರಾಗಿನ ಕಡೆಗೆ ಕೊಯ್ದು, ಸಂದಿಗೆ ಪ್ಲಾಸ್ಟಿಕ್ ಚೂರನ್ನು ಅಂಟಿಸಿ ಹಳಿಯ ಆಕಾರಕ್ಕೆ ಉಜ್ಜಿ. ಖಾಲಿ ಬಿಟ್ಟರೆ ಸೆಕೆಗೆ ಹಳಿ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ಶಾರ್ಟ್ ಬೇಸಿಗೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ದೆವ್ವವಾಗುತ್ತದೆ.

ನಂತರ ಎಡ ಒಳಹಳಿಯನ್ನು ಎಡ ಹೊರಹಳಿಗೆ, ಬಲ ಒಳಹಳಿಯನ್ನು ಬಲ ಹೊರಹಳಿಗೆ ಒಂದೊಂದು ಗಿಡ್ಡ ತಂತಿಯಿಂದ ಬೆಸೆಯಿರಿ. ಎಡ ನಾಲಗೆ ಇನ್ನು ಸದಾ ಕೆಂಪು, ಬಲ ನಾಲಗೆ ಸದಾ ಕಪ್ಪು. ತೆರೆದ ನಾಲಗೆಯ ಬಣ್ಣವೂ ಪಕ್ಕದ ಹೊರಹಳಿಯ ಬಣ್ಣವೂ ಒಂದೇ ಆದ್ದರಿಂದ ಚಕ್ರದ ಬೆನ್ನು ತಾಗಿದರೆ ತಾಗಲಿ. ಕೊನೆಗೆ ಫ್ರಾಗಿನ ಅಡಿಗೆ ಒಂದು ಹಸಿರು ತಂತಿ.

ಬೆಸುಗೆಯ ಬಗ್ಗೆ ಎರಡು ಮಾತು. ಹಳಿಯ ಅಡಿಯನ್ನು ಅರದಿಂದ ಹೊಳೆಯುವವರೆಗೆ ಉಜ್ಜಿ, ಹಳಿಗೂ ತಂತಿಗೂ ಮೊದಲೇ ಬೇರೆ ಬೇರೆಯಾಗಿ ಸೀಸ ಹಿಡಿಸಿ, ಆಮೇಲೆ ಎರಡನ್ನೂ ಸೇರಿಸಿ ಒಂದೆರಡು ಸೆಕೆಂಡು ಕಾಯಿಸಿ. ತಣ್ಣಗಿನ ಕಾವಲಿಯಲ್ಲಿ ಹೊತ್ತುಗಟ್ಟಲೆ ಬೇಯಿಸಿದ ಹಾಗೆ ಸಣ್ಣ ಬಿಸಿಯಲ್ಲಿ ಬಹಳ ಹೊತ್ತು ಕಾಯಿಸಿದರೆ ಸ್ಲೀಪರ್ ಕರಗುತ್ತದೆ. ಚೆನ್ನಾಗಿ ಬಿಸಿಯಾದ ತುದಿಯನ್ನು ಚುರುಕಾಗಿ ತಾಗಿಸಿ ತೆಗೆದರೆ ಏನೂ ಆಗದು. ಅಕ್ಕಪಕ್ಕದಲ್ಲಿ ಒದ್ದೆ ಬಟ್ಟೆಯ ಚೂರು ಇಟ್ಟುಕೊಳ್ಳಿ. ಎಲೆಕ್ಟ್ರಾನಿಕ್ಸಿಗೆ ಬಳಸುವ ರಾಳದ ಫ್ಲಕ್ಸ್ ಮಾತ್ರ ಬಳಸಿ, ಆಮ್ಲದ ಫ್ಲಕ್ಸ್ ಹಳಿಯನ್ನು ನಿಧಾನವಾಗಿ ತಿನ್ನುತ್ತದೆ. ನಾಲಗೆಯ ಚಲಿಸುವ ಭಾಗಕ್ಕೆ ಬೆಸುಗೆ ತಾಗಿಸಬಾರದು ಎಂಬುದನ್ನು ನಾನು ಒಂದು ಪಾಯಿಂಟನ್ನು ಕಸದಬುಟ್ಟಿಗೆ ಹಾಕಿ ಕಲಿತೆ.

ಇನ್ಸುಲ್‌ಫ್ರಾಗಿನಲ್ಲಿ ಕತ್ತರಿಸುವುದು ಏನೂ ಇಲ್ಲ. ಅದರ ಶಾರ್ಟ್ ಬೇರೆಡೆ ಇದೆ: ಪ್ಲಾಸ್ಟಿಕ್ ಫ್ರಾಗಿನ ತುದಿಯಲ್ಲಿ ಕೆಂಪು ಮತ್ತು ಕಪ್ಪು ಹಳಿಗಳು ಒಂದಕ್ಕೊಂದು ಬಲು ಹತ್ತಿರ ಬರುತ್ತವೆ, ಅಗಲವಾದ ಚಕ್ರ ಎರಡನ್ನೂ ಒಟ್ಟಿಗೆ ಮೆಟ್ಟುತ್ತದೆ. ಆ ತುದಿಯ ಹಳಿಗಳ ತಲೆಯ ಮೇಲೆ ಉಗುರುಬಣ್ಣವನ್ನು ತೆಳುವಾಗಿ ಬಳಿದರೆ ಶಾರ್ಟ್ ನಿಲ್ಲುತ್ತದೆ. ಕೆಲವು ತಿಂಗಳಿಗೆ ಸವೆಯುತ್ತದೆ, ಮತ್ತೆ ಬಳಿಯಿರಿ. ಇದು ಪರಿಹಾರವಲ್ಲ, ಮುಲಾಮು. ಆದರೆ ಮುಲಾಮಿನಿಂದ ವಾಸಿಯಾಗುವುದಕ್ಕೆ ಶಸ್ತ್ರಚಿಕಿತ್ಸೆ ಏಕೆ? ಸಣ್ಣ ಎಂಜಿನ್ನುಗಳು ಪ್ಲಾಸ್ಟಿಕ್ ತುಂಡಿನ ಮೇಲೆ ನಿಂತುಬಿಡುವುದು ಮಾತ್ರ ತಪ್ಪದು. ಎರಡೇ ಗಾಲಿಜೋಡಿಯ ಶಂಟಿಂಗ್ ಎಂಜಿನ್ ಇಟ್ಟುಕೊಂಡವರು ಲೋಹದ ಫ್ರಾಗನ್ನೇ ಕೊಳ್ಳಲಿ.

ಯೂನಿಫ್ರಾಗಿಗೆ ಕಾರ್ಖಾನೆಯಲ್ಲೇ ಈ ಕತ್ತರಿ ಮತ್ತು ಬೆಸುಗೆಯ ಕೆಲಸ ಆಗಿರುತ್ತದೆ. ಫ್ರಾಗಿನ ತಂತಿಯನ್ನು ಸ್ವಿಚ್ಚಿಗೆ ಜೋಡಿಸುವುದಷ್ಟೇ ಬಾಕಿ.

ಹಲಗೆಯ ಮೇಲೆ ಕೂರಿಸುವುದು

ಇಲೆಕ್ಟ್ರೊಫ್ರಾಗಿನ ಹಿಂಭಾಗದಿಂದ ಹೊರಡುವ ಎರಡು ಒಳಹಳಿಗಳಿಗೆ ಪ್ಲಾಸ್ಟಿಕ್ ಫಿಶ್‌ಪ್ಲೇಟ್ (ಹಳಿಗಳ ತುದಿ ಜೋಡಿಸುವ ಪಟ್ಟಿ) ಕಡ್ಡಾಯ. ಹೊರಹಳಿಗಳಿಗೆ ಲೋಹದ್ದೇ ಇರಲಿ. ಒಳಹಳಿಗೂ ಲೋಹದ್ದನ್ನು ಹಾಕಿದರೆ ಮುಂದಿನ ಹಳಿಯ ವಿದ್ಯುತ್ತು ಹಿಮ್ಮುಖವಾಗಿ ಫ್ರಾಗಿಗೆ ನುಗ್ಗಿ, ಮೇಜಿನ ಮೇಲೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಎರಡು ಸಮಾನಾಂತರ ಹಳಿಗಳನ್ನು ಜೋಡಿಸುವ ಕ್ರಾಸ್‌ಓವರಿನಲ್ಲಿ ಎರಡು ಫ್ರಾಗುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ, ಅವುಗಳ ನಡುವೆಯೂ ಪ್ಲಾಸ್ಟಿಕ್ಕೇ ಬೇಕು.

ಪ್ಲಾಸ್ಟಿಕ್ಕಿನ ಆಚೆಗಿನ ಹಳಿಗೆ ವಿದ್ಯುತ್ ತರುವ ಅದರದೇ ಫೀಡರ್ ತಂತಿ ಬೇಕಲ್ಲ? ಇಲ್ಲಿಂದ ಲೇಔಟಿನ ಅಡಿಯ ಮುಖ್ಯ ತಂತಿಯ ಮಾತು ಬರುತ್ತದೆ. ಕೆಂಪು, ಕಪ್ಪು ಎರಡು ದಪ್ಪ ತಂತಿಗಳು ಹಲಗೆಯ ಕೆಳಗೆ ಹಳಿಯ ಜಾಡಿನಲ್ಲೇ ಸಾಗಬೇಕು, ಪ್ರತಿ ಹಳಿತುಂಡಿನಿಂದ ತೆಳು ಫೀಡರ್ ಇಳಿದು ಅವಕ್ಕೆ ಸೇರಬೇಕು. ದಪ್ಪ ಎಂದರೆ ಎಷ್ಟು ಎಂಬುದನ್ನು ಲೆಕ್ಕವೇ ಹೇಳಲಿ. ಮುಖ್ಯ ತಂತಿ 10 ಮೀಟರ್ ಉದ್ದವಿದ್ದರೆ ಕರೆಂಟ್ ಹೋಗಿ ಬರುವ ದಾರಿ 20 ಮೀಟರ್. 0.5 ಚದರ ಮಿ.ಮೀ. ತಾಮ್ರದ ತಂತಿಯಾದರೆ 5 ಆಂಪಿಯರ್ ಹರಿದಾಗ ಸುಮಾರು 3.5 ವೋಲ್ಟ್ ದಾರಿಯಲ್ಲೇ ಸೋರುತ್ತದೆ. 2.5 ಚದರ ಮಿ.ಮೀ. ತಂತಿಯಾದರೆ 0.7 ವೋಲ್ಟ್ ಮಾತ್ರ. ಹಳಿಯಲ್ಲಿರುವುದೇ 15 ವೋಲ್ಟಿನ ಆಸುಪಾಸು, ಅದರಲ್ಲಿ ಮೂರೂವರೆ ಹೋದರೆ ಎಂಜಿನ್ ಸೊರಗುವುದು ಚಿಕ್ಕ ವಿಷಯ. ದೂರದ ಮೂಲೆಯಲ್ಲಿ ಶಾರ್ಟ್ ಆದಾಗ, ಮಧ್ಯದ ತಂತಿ ಮತ್ತು ಸಡಿಲ ಫಿಶ್‌ಪ್ಲೇಟುಗಳ ತಡೆಯಿಂದಾಗಿ ಬೂಸ್ಟರಿಗೆ ಅದು ಶಾರ್ಟ್ ಎಂದೇ ತಿಳಿಯದೆ, ಕರೆಂಟ್ ಹರಿಯುತ್ತಲೇ ಇರಬಹುದು. ಅಪಾಯ ಅದು. 20–30 ಸೆಂ.ಮೀ. ಉದ್ದದ ಫೀಡರುಗಳಿಗೆ ಮಾತ್ರ 0.5 ಚದರ ಮಿ.ಮೀ. ಧಾರಾಳವಾಯಿತು.

ಹಳೆಯ ಲೇಔಟಿನಲ್ಲಿ ಹಳಿಗೆ ವಿದ್ಯುತ್ ಕೊಡುವ ಕ್ಲಿಪ್ಪಿನೊಳಗೆ ರೇಡಿಯೊ ಗೊರಗೊರ ತಡೆಯುವ ಕೆಪಾಸಿಟರ್ ಕೂತಿರುವುದುಂಟು. ಅದು ಡಿಸಿಸಿ ಸಂಕೇತವನ್ನು ಕಲಕುತ್ತದೆ, ಕಿತ್ತುಹಾಕಿ. ಡಿಸಿ ಕಂಟ್ರೋಲರನ್ನೂ ಪೂರ್ತಿ ಕಳಚಿಡಿ. ಸ್ವಿಚ್ ತಿರುಗಿಸಿ ಎರಡನ್ನೂ ಬಳಸುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಒಂದು ರೈಲು ಎರಡರ ಗಡಿ ದಾಟಿದ ದಿನ ಯಾವುದಾದರೊಂದು ಪೆಟ್ಟಿಗೆ ಸುಡುತ್ತದೆ.

ಫ್ರಾಗಿನ ಬಣ್ಣ ಬದಲಿಸುವವರು ಯಾರು

ಹಸಿರು ತಂತಿ ಹಲಗೆಯ ಕೆಳಗೆ ತೂಗುತ್ತಿದೆ. ಅದಕ್ಕೆ ನೇರ ದಾರಿಯಲ್ಲಿ ಕೆಂಪು, ಕವಲಿನಲ್ಲಿ ಕಪ್ಪು ಸಿಗಬೇಕು. ಮೂರು ಕಾಲಿನ ಸ್ವಿಚ್ ಸಾಕು: ನಡುವಿನ ಕಾಲಿಗೆ ಹಸಿರು, ಅಕ್ಕಪಕ್ಕಕ್ಕೆ ಕೆಂಪು ಮತ್ತು ಕಪ್ಪು. ಪ್ರಶ್ನೆ ಇರುವುದು ಆ ಸ್ವಿಚ್ಚು ನಾಲಗೆಯ ಜೊತೆಜೊತೆಗೇ ತಿರುಗುವ ಹಾಗೆ ಮಾಡುವುದರಲ್ಲಿ.

ನನಗೆ ಅತ್ಯಂತ ಪ್ರಿಯವಾದದ್ದು ಅಗ್ಗದ ಜಾರುಸ್ವಿಚ್ಚು. ಅದರ ಗುಬುಟಿಗೆ ರಂಧ್ರ ಕೊರೆದು ಗಟ್ಟಿ ತಂತಿಯೊಂದನ್ನು ತೂರಿಸಿ, ಒಂದು ತುದಿಯನ್ನು ನಾಲಗೆಗಳನ್ನು ಜೋಡಿಸುವ ಅಡ್ಡಪಟ್ಟಿಗೆ ಸಿಕ್ಕಿಸಿ, ಇನ್ನೊಂದನ್ನು ಲೇಔಟಿನ ಅಂಚಿಗೆ ಎಳೆದುಕೊಳ್ಳಿ. ಕೈಯಿಂದ ಎಳೆದರೆ ದಾರಿಯೂ ಬದಲು, ಬಣ್ಣವೂ ಬದಲು. ಡಿಜಿಟಲ್ ಲೇಔಟಿನಲ್ಲಿ ಪಾಯಿಂಟೂ ಡಿಜಿಟಲ್ ಆಗಿಯೇ ಇರಬೇಕೆಂಬ ಕಾನೂನಿಲ್ಲ. ಕೈಗೆಟುಕುವ ಯಾರ್ಡಿನಲ್ಲಿ ಹತ್ತು ಗುಂಡಿ ಒತ್ತುವುದಕ್ಕಿಂತ ಒಂದು ಕಡ್ಡಿ ಎಳೆಯುವುದೇ ಬೇಗ.

ನಿಧಾನವಾಗಿ ತಿರುಗುವ ಮೋಟರು ಬಳಸುವವರಿಗೆ ಸ್ವಿಚ್ಚಿನ ಚಿಂತೆಯಿಲ್ಲ. ಟಾರ್ಟಾಯ್ಸ್‌ನಂಥವುಗಳ ಒಳಗೇ ಅಂಥ ಎರಡು ಸ್ವಿಚ್ಚುಗಳಿರುತ್ತವೆ. ಸರ್ವೊ ಎಂಬ ಪುಟ್ಟ ಮೋಟರು ಬಳಸಿದರೆ ಅದರ ತೋಳು ಒತ್ತುವಂತೆ ಮೈಕ್ರೊಸ್ವಿಚ್ ಕೂರಿಸಿ. ಇವೆರಡರ ಜೊತೆಗೂ ಪಾಯಿಂಟಿನೊಳಗಿನ ಪುಟ್ಟ ಸ್ಪ್ರಿಂಗನ್ನು ತೆಗೆದುಬಿಡಿ, ಅದು ಮೋಟರಿನೊಡನೆ ಜಗಳಕ್ಕೆ ನಿಲ್ಲುತ್ತದೆ. ಟಕ್ಕೆಂದು ಬಡಿಯುವ ವಿದ್ಯುತ್ಕಾಂತದ ಸಾಲಿನಾಯ್ಡಿಗೆ ಆ ಸ್ಪ್ರಿಂಗ್ ಇರಲೇಬೇಕು. ಸಾಲಿನಾಯ್ಡಿನ ಸುರುಳಿಗೆ ಕ್ಷಣಮಾತ್ರದ ವಿದ್ಯುತ್ತು ಸಾಕು, ಗುಂಡಿ ಒತ್ತಿಹಿಡಿದರೆ ಸುಡುತ್ತದೆ. ಕೆಪಾಸಿಟರಿನಲ್ಲಿ ತುಂಬಿಟ್ಟು ಒಮ್ಮೆಲೇ ಸುರಿಯುವ ಪುಟ್ಟ ಸರ್ಕ್ಯೂಟನ್ನು ನಡುವೆ ಹಾಕಿದರೆ ಆ ಭಯವಿಲ್ಲ.

ಸ್ವಿಚ್ಚೇ ಬೇಡವೆನ್ನುವವರಿಗೆ ಫ್ರಾಗ್ ಜ್ಯೂಸರ್ ಎಂಬ ಎಲೆಕ್ಟ್ರಾನಿಕ್ ಬಿಲ್ಲೆ ಇದೆ. ಚಕ್ರ ತಪ್ಪು ಬಣ್ಣದ ಫ್ರಾಗನ್ನು ಮುಟ್ಟಿದೊಡನೆ ಶಾರ್ಟನ್ನು ಗ್ರಹಿಸಿ, ಬೂಸ್ಟರ್ ಮುಚ್ಚಿಕೊಳ್ಳುವ ಮೊದಲೇ ಬಣ್ಣ ತಿರುಗಿಸುತ್ತದೆ. ಈಗಾಗಲೇ ಕೂರಿಸಿದ, ಕೆಳಗೆ ಜಾಗವಿಲ್ಲದ ಪಾಯಿಂಟುಗಳಿಗೆ ಇದಕ್ಕಿಂತ ಸುಖವಿಲ್ಲ. ಡಿಸಿಸಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆದರೆ ಅದು ನಿಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ ಎಂಬುದೂ ಗೊತ್ತಿರಲಿ: ಎದುರು ದಿಕ್ಕಿಗೆ ತಿರುಗಿರುವ ಪಾಯಿಂಟಿಗೆ ಹಿಂದಿನಿಂದ ನುಗ್ಗಿದ ರೈಲು ಫ್ರಾಗನ್ನು ಸಲೀಸಾಗಿ ದಾಟಿ, ಮುಂದೆ ನಾಲಗೆಯ ಬಳಿ ಹಳಿ ತಪ್ಪುತ್ತದೆ.

ನಾಲಗೆಗಳನ್ನು ಬೇರ್ಪಡಿಸದೆ, ಇದ್ದ ಹಾಗೆಯೇ ಇಟ್ಟು ಫ್ರಾಗಿಗೆ ಸ್ವಿಚ್ ಜೋಡಿಸುವವರೂ ಇದ್ದಾರೆ. ಅಲ್ಲೊಂದು ಹೊಂಚುಗಾರ ಕೂತಿದ್ದಾನೆ. ನಾಲಗೆ ಕೆಂಪು ಹಳಿಯನ್ನು ಬಿಡುವ ಮೊದಲೇ ಸ್ವಿಚ್ಚು ಕಪ್ಪಿಗೆ ಹೊರಳಿದರೆ ಪಾಯಿಂಟೇ ತನಗೆ ತಾನು ಶಾರ್ಟ್ ಆಗುತ್ತದೆ, ಮೇಲೆ ರೈಲಿರಬೇಕೆಂದೂ ಇಲ್ಲ. ನಿಧಾನ ಮೋಟರಿನಲ್ಲಿ ಈ ಅಪಾಯ ಹೆಚ್ಚು. ಆ ಎರಡು ಸೇತುವೆ ಕತ್ತರಿಸಲು ಸೋಮಾರಿತನ ಬೇಡ.

ಡಿಕೋಡರಿಗೆ ಬೇರೆಯದೇ ಅನ್ನ

ಪಾಯಿಂಟುಗಳನ್ನು ರೈಲು ಓಡಿಸುವ ಕೈನಿಯಂತ್ರಕದಿಂದಲೇ (ಥ್ರಾಟಲಿನಿಂದಲೇ) ತಿರುಗಿಸಬೇಕೆಂದರೆ, ಡಿಸಿಸಿ ಆಜ್ಞೆಯನ್ನು ಓದಿ ಪಾಯಿಂಟ್ ತಿರುಗಿಸುವ ಪರಿಕರ ಡಿಕೋಡರ್ ಬೇಕು. ಇದಕ್ಕೆ ಕೊಡುವ ವಿಳಾಸಗಳು ಎಂಜಿನ್ ವಿಳಾಸಗಳಿಂದ ಪ್ರತ್ಯೇಕ. 5ನೇ ನಂಬರಿನ ಎಂಜಿನ್ನೂ 5ನೇ ನಂಬರಿನ ಪಾಯಿಂಟೂ ಒಂದೇ ಲೇಔಟಿನಲ್ಲಿ ಜಗಳವಿಲ್ಲದೆ ಬಾಳುತ್ತವೆ.

ಡಿಕೋಡರಿಗೆ ವಿದ್ಯುತ್ ಎಲ್ಲಿಂದ ಎಂಬುದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ, ಹಳಿಯ ಮುಖ್ಯ ತಂತಿಗೇ ಎಲ್ಲವನ್ನೂ ಸೇರಿಸಿದ್ದೆ. ಒಂದು ಸಂಜೆ ರೈಲೊಂದನ್ನು ತಪ್ಪು ದಿಕ್ಕಿಗೆ ತಿರುಗಿದ್ದ ಪಾಯಿಂಟಿಗೆ ನುಗ್ಗಿಸಿದೆ. ಶಾರ್ಟ್. ಬೂಸ್ಟರ್ ಮುಚ್ಚಿಕೊಂಡಿತು. ಪಾಯಿಂಟನ್ನು ತಿರುಗಿಸಿದರೆ ಶಾರ್ಟ್ ಬಿಡುತ್ತದೆ, ಆದರೆ ತಿರುಗಿಸಬೇಕಾದ ಡಿಕೋಡರಿಗೆ ವಿದ್ಯುತ್ತೇ ಇಲ್ಲ, ಏಕೆಂದರೆ ಶಾರ್ಟ್ ಆಗಿದೆ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತು. ಎಂಜಿನ್ನನ್ನು ಕೈಯಿಂದ ಎತ್ತಿ ಬಿಡಿಸಬೇಕಾಯಿತು, ಅದು ಸುರಂಗದೊಳಗಿತ್ತು. ಆದ್ದರಿಂದ ಡಿಕೋಡರಿನ ವಿದ್ಯುತ್ತೂ ಸಂಕೇತವೂ ಹಳಿಯ ಶಾರ್ಟಿನಿಂದ ಸಾಯದ ಮಾರ್ಗದಲ್ಲಿ ಬರಲಿ. ಇನ್ನೊಂದು ಬೂಸ್ಟರ್ ಇದ್ದರೆ ಉತ್ತಮ. ಇಲ್ಲವಾದರೆ ಸರ್ಕ್ಯೂಟ್ ಬ್ರೇಕರನ್ನು ಹಳಿಗಳಿಗೆ ಹೋಗುವ ಕವಲಿನಲ್ಲಿ ಮಾತ್ರ ಹಾಕಿ, ಡಿಕೋಡರುಗಳನ್ನು ಅದಕ್ಕೂ ಮುಂಚಿನ ಜಾಗದಿಂದ ಎಳೆದುಕೊಳ್ಳಿ. ಹಳಿಯ ಬ್ರೇಕರ್ ಬಿದ್ದರೂ ಡಿಕೋಡರ್ ಎಚ್ಚರವಾಗಿರುತ್ತದೆ.

ಪರೀಕ್ಷೆ

ಎಲ್ಲ ಎಂಜಿನ್ ಮತ್ತು ಬೋಗಿಗಳನ್ನು ಎತ್ತಿಡಿ, ಬೂಸ್ಟರನ್ನು ಕಳಚಿ. ಮೀಟರಿನ ಬೀಪ್ ಸ್ಥಾನದಲ್ಲಿ ಮೊದಲು ಕೆಂಪು ಮತ್ತು ಕಪ್ಪು ಹಳಿ ಮುಟ್ಟಿ: ಸದ್ದು ಬರಬಾರದು. ಪಾಯಿಂಟನ್ನು ನೇರಕ್ಕಿಟ್ಟು ಫ್ರಾಗ್ ಮತ್ತು ಎಡ ಹೊರಹಳಿ ಮುಟ್ಟಿ: ಸದ್ದು ಬರಬೇಕು. ಫ್ರಾಗ್ ಮತ್ತು ಬಲ ಹೊರಹಳಿ: ನಿಶ್ಶಬ್ದ. ಕವಲಿಗೆ ತಿರುಗಿಸಿದರೆ ಎಲ್ಲ ತಿರುವುಮುರುವು. ಬಲಕ್ಕೆ ಕವಲೊಡೆಯುವ ಪಾಯಿಂಟಾದರೆ ಎಡ ಬಲಗಳನ್ನು ಅದಲುಬದಲು ಮಾಡಿಕೊಳ್ಳಿ. ತಲೆಕೆಳಗಾಗಿ ಬಂದರೆ ಗಾಬರಿ ಬೇಡ, ಸ್ವಿಚ್ಚಿನ ಕೆಂಪು ಕಪ್ಪು ತಂತಿಗಳನ್ನು ಅದಲುಬದಲು ಮಾಡಿ. ಹಲಗೆಯ ಕೆಳಗೆ ಮಲಗಿದವನಿಗೆ ಎಡ ಯಾವುದು ಬಲ ಯಾವುದು ಎಂಬುದು ಸದಾ ಗೊಂದಲವೇ.

ಪ್ರತಿ ಪಾಯಿಂಟನ್ನು ಜೋಡಿಸಿದ ಕೂಡಲೇ ಹೀಗೆ ಪರೀಕ್ಷಿಸಿ. ಇಪ್ಪತ್ತು ಮುಗಿಸಿ ಒಟ್ಟಿಗೆ ನೋಡೋಣ ಎಂದರೆ ತಪ್ಪು ಇಪ್ಪತ್ತರಲ್ಲಿ ಎಲ್ಲಿದೆ ಎಂದು ಹುಡುಕುತ್ತಾ ಕೂರಬೇಕು.

ಆಮೇಲೆ ಬೂಸ್ಟರ್ ಜೋಡಿಸಿ ನಾಣ್ಯದ ಪರೀಕ್ಷೆ. ಲೋಹದ ನಾಣ್ಯವೊಂದನ್ನು ಎರಡು ಹಳಿಗಳ ಮೇಲೆ ಅಡ್ಡಲಾಗಿಡಿ. ಬೂಸ್ಟರ್ ತಕ್ಷಣ ಮುಚ್ಚಿಕೊಳ್ಳಬೇಕು. ಲೇಔಟಿನ ಮೂಲೆ ಮೂಲೆಯಲ್ಲಿ, ಪ್ರತಿ ಪಾಯಿಂಟಿನ ಎರಡೂ ಕವಲಿನಲ್ಲಿ, ಪ್ರತಿ ಸೈಡಿಂಗಿನ ತುದಿಯಲ್ಲಿ ಹೀಗೆ ಮಾಡಿ. ಎಲ್ಲಾದರೂ ಬೂಸ್ಟರ್ ಸುಮ್ಮನಿದ್ದರೆ ನಾಣ್ಯವನ್ನು ತಕ್ಷಣ ತಳ್ಳಿ, ಆ ಭಾಗಕ್ಕೆ ಫೀಡರ್ ಹೆಚ್ಚಿಸಿ.

ಅಪರೂಪಕ್ಕೊಮ್ಮೆ, ಒಂದೇ ಎಂಜಿನ್ನಿಗೆ, ಒಂದೇ ದಿಕ್ಕಿನಲ್ಲಿ ಆಗುವ ಶಾರ್ಟ್ ಹಿಡಿಯಲು ವಾಹನಗಳಲ್ಲಿ ಬಳಸುವ 12 ವೋಲ್ಟ್, 21 ವ್ಯಾಟಿನ ಬಲ್ಬನ್ನು ಬೂಸ್ಟರಿನ ಒಂದು ತಂತಿಗೆ ಸರಣಿಯಲ್ಲಿ ಸೇರಿಸಿ. ಶಾರ್ಟ್ ಆದಾಗ ಕರೆಂಟ್ ಸುಮಾರು 2 ಆಂಪಿಯರಿಗೆ ಸೀಮಿತವಾಗುವುದರಿಂದ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಬೂಸ್ಟರ್ ಮುಚ್ಚಿಕೊಳ್ಳುವುದಿಲ್ಲ, ಬದಲಿಗೆ ಬಲ್ಬ್ ಬೆಳಗುತ್ತದೆ. ಕೋಣೆಯ ದೀಪ ಆರಿಸಿ, ಎಂಜಿನ್ನನ್ನು ಬೆರಳಿನಿಂದ ಮಿಲಿಮೀಟರ್ ಮಿಲಿಮೀಟರಾಗಿ ತಳ್ಳಿ. ಬಲ್ಬ್ ಹೊತ್ತಿಕೊಂಡ ಜಾಗದಲ್ಲಿ ಕೈ ನಿಲ್ಲಿಸಿ, ಬಗ್ಗಿ ನೋಡಿ: ಯಾವ ಚಕ್ರ, ಯಾವ ಹಳಿ ಎಂಬುದು ಕಣ್ಣಿಗೇ ಕಾಣುತ್ತದೆ. ನನ್ನ ಮೂರನೆಯ ಪಾಯಿಂಟಿನಲ್ಲಿ ಅದು ಎಂಜಿನ್ನಿನ ಎರಡನೆಯ ಗಾಲಿಜೋಡಿಯ ಬಲ ಚಕ್ರವಾಗಿತ್ತು, ತೆರೆದ ನಾಲಗೆಯ ಬೆನ್ನಿಗೆ ಕೂದಲೆಳೆಯಷ್ಟು ತಾಗುತ್ತಿತ್ತು.